ಅರವತ್ತೊಂದು ಮಕ್ಕಳ ತೂಕ

ಜನವರಿ 9

ಚಿಕ್ಕಮ್ಮಾ,

ನೀನು ಫೋನು ಎತ್ತುವುದಿಲ್ಲ. ಎತ್ತಿದರೂ ನಿನಗೆ ಕೇಳಿಸುವುದಿಲ್ಲ. ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಡಿಸಿದರೆ ಅದನ್ನು ಡಬ್ಬಿಯಲ್ಲಿ ಭದ್ರವಾಗಿಟ್ಟಿದ್ದೀಯಂತೆ. ಆದ್ದರಿಂದ ಈ ಕಾಗದ. ನನ್ನದು ಡಾಕ್ಟರ ಕೈಬರಹ, ಓದಲು ಆಗದ ಕಡೆ ಔಷಧದ ಅಂಗಡಿಯವನಿಗೆ ತೋರಿಸು.

ನಾನು ಇಲ್ಲಿ 'ಕಂಪ್ಯೂಟರ್ ರಿಪೇರಿ' ಮಾಡುತ್ತೇನೆ ಎಂದು ಪಕ್ಕದ ಮನೆಯಾಕೆಗೆ ಹೇಳಿದ್ದೀಯಂತೆ. ರಿಪೇರಿಯಲ್ಲ ಮಾರಾಯ್ತಿ. ಮಕ್ಕಳ ಕ್ಯಾಶುಯಲ್ಟಿಯಲ್ಲಿ ಮಂಚದ ಪಕ್ಕ ಒಂದು ಪರದೆ ಇರುತ್ತದೆ. ಮಗು ಬಂದ ಕೂಡಲೇ ನರ್ಸು ವಯಸ್ಸು, ತೂಕ, ಜ್ವರ, ಎದೆಬಡಿತ, ಉಸಿರಿನ ಲೆಕ್ಕ ಒತ್ತುತ್ತಾಳೆ. 'ಈ ವಯಸ್ಸಿಗೆ ಇಷ್ಟು ಎದೆಬಡಿತ ಹೆಚ್ಚು, ರಕ್ತದಲ್ಲಿ ಸೋಂಕು ಇರಬಹುದು, ನೋಡಿ' ಎಂದು ಪರದೆ ಹೇಳುತ್ತದೆ. ಯಾವ ಔಷಧ ಎಷ್ಟು ಎಂದು ಲೆಕ್ಕ ಹಾಕಿ ಕೊಡುತ್ತದೆ. ಡಾಕ್ಟರು ಹೆಚ್ಚು ಬರೆದರೆ ತಡೆಯುತ್ತದೆ. ತೀರ್ಮಾನ ಮಾತ್ರ ಡಾಕ್ಟರದ್ದೇ. ಅದಕ್ಕೆ ಏನು ಕೇಳಬೇಕು, ಯಾವಾಗ ಸುಮ್ಮನಿರಬೇಕು ಎಂದು ಕಲಿಸುವುದು ನಮ್ಮ ಏಳು ಜನರ ಕೆಲಸ.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ತೂಕದ ಜಾಗದಲ್ಲಿ 'ತೂಕ ಹೇಗೆ ಗೊತ್ತಾಯಿತು?' ಎಂದು ಯಂತ್ರ ಕೇಳುತ್ತದೆ. ತಕ್ಕಡಿಯಿಂದ, ತಾಯಿ ಹೇಳಿದ್ದು, ಮಗುವಿನ ಉದ್ದ ಅಳೆದು. ಈ ಮೂರೂ ಇವೆ. ನಾಲ್ಕನೆಯದಾಗಿ 'ಅನುಭವಿ ನರ್ಸಿನ ಕೈ ಅಂದಾಜು' ಎಂದು ಸೇರಿಸಬೇಕೆಂದು ನಾನು ಹಟ ಹಿಡಿದಿದ್ದೇನೆ. ಅದನ್ನೂ ತಕ್ಕಡಿಯಷ್ಟೇ ನಂಬಬಹುದು ಎಂದು. ನಮ್ಮ ದೊಡ್ಡ ಡಾಕ್ಟರು ಮೂಗು ಮುರಿದು "ಅದೆಲ್ಲಾ ಜಾದೂ ಕಣ್ರೀ, ಪುರಾವೆ ತನ್ನಿ" ಎಂದರು. ನಾನು ಅಲ್ಲೇ "ತರ್ತೀನಿ ಸಾರ್" ಎಂದುಬಿಟ್ಟೆ.

ಪುರಾವೆ ನಿನ್ನ ಹತ್ತಿರ ಇದೆ. ಮಗುವನ್ನು ಎತ್ತಿ, ಕಿಲೋ ಹೇಳಿ, ಆಮೇಲೆ ತಕ್ಕಡಿಗೆ ಹಾಕಿದಾಗ ಬಂದ ತೂಕವನ್ನೂ ಪಕ್ಕದಲ್ಲಿ ಬರೆದಿಡುತ್ತಿದ್ದೆಯಲ್ಲ, ಆ ದಪ್ಪ ರಿಜಿಸ್ಟರು. ಆಸ್ಪತ್ರೆಯೆಲ್ಲ ನಿನ್ನನ್ನು ತಕ್ಕಡಿ ಸಿಸ್ಟರ್ ಎಂದು ಕರೆದದ್ದು ಸುಮ್ಮನೆ ಅಲ್ಲ. ಅದನ್ನು ಕಳಿಸು.

ಹಳದಿ ಫ್ರಾಕಿನ ಮಗುವಿನ ಮಾತನ್ನು ನಾವು ಹದಿನೇಳು ವರ್ಷದಿಂದ ಎತ್ತಿಲ್ಲ. ಒಂದೇ ಒಂದು ಸಲ ಎತ್ತುತ್ತೇನೆ, ಬೈಯಬೇಡ. ಫಿಟ್ಸ್ ಬರುತ್ತಿದ್ದ ಆ ಮಗುವಿಗೆ ನೀನು ಹದಿನಾರು ಕಿಲೋ ಎಂದೆ, ನಾನು ಹದಿನಾರಕ್ಕೆ ಔಷಧ ಕೊಟ್ಟೆ, ಇದ್ದದ್ದು ಹನ್ನೊಂದು. ಉಸಿರು ನಿಂತಿತು. ಎರಡು ದಿನ ಉಸಿರಾಟದ ಯಂತ್ರದಲ್ಲಿದ್ದು ಮಗು ನಗುತ್ತಾ ಮನೆಗೆ ಹೋಯಿತು, ದೇವರು ದೊಡ್ಡವನು. ವಿಚಾರಣೆಯಲ್ಲಿ 'ತೂಕ ನನ್ನದೇ ಅಂದಾಜು' ಎಂದು ನಾನು ಹೇಳಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಸಾವಿರಾರು ಮಕ್ಕಳಲ್ಲಿ ನಿನ್ನ ಕೈ ತಪ್ಪಿದ್ದು ಒಂದು ಸಲ. ಅದನ್ನೇ ನಾನು ಇವರಿಗೆ ತೋರಿಸಬೇಕು.

ನಿನ್ನ
ಗುಬ್ಬಿ


ಜನವರಿ 21

ಗುಬ್ಬಿ,

ನಿನ್ನ ಕಾಗದ ಔಷಧದ ಅಂಗಡಿಗೆ ಹೋಗದೆಯೇ ಓದಲು ಆಯಿತು. ನಲವತ್ತನಾಲ್ಕು ವರ್ಷಕ್ಕೆ ಅಕ್ಷರ ಸ್ವಲ್ಪ ಸುಧಾರಿಸಿದೆ.

ಕಿವಿಯ ಯಂತ್ರ ಹಾಕಿಕೊಂಡರೆ ಫ್ಯಾನಿನ ಸದ್ದು, ನಲ್ಲಿಯ ಸದ್ದು, ಪಕ್ಕದ ಮನೆಯಾಕೆಯ ಮಾತು, ಎಲ್ಲಾ ಒಟ್ಟಿಗೆ ತಲೆಗೆ ಬಡಿಯುತ್ತವೆ. ಅದರಲ್ಲಿ ಆಕೆಯ ಮಾತು ಕೇಳಿಸದಿರುವುದೇ ಒಳ್ಳೆಯದು. ಹಾಗಾಗಿ ಡಬ್ಬಿ.

ನಿನ್ನ ಪರದೆಯ ವಿಷಯ ಎರಡು ಸಲ ಓದಿದೆ. ಎದೆಬಡಿತ ನೋಡಿ ಸೋಂಕು ಇರಬಹುದು ಎನ್ನುತ್ತದೆಯೋ? ಹಾಗಾದರೆ ಅದು ನನ್ನ ಕೈಕೆಳಗೆ ಕಲಿತ ಅರ್ಧದಷ್ಟು ಹುಡುಗಿಯರಿಗಿಂತ ವಾಸಿ. ಒಂದು ಮಾತು ಮಾತ್ರ ನೆನಪಿಟ್ಟುಕೋ. ಎಲ್ಲದಕ್ಕೂ ಕೂಗುವ ನರ್ಸಿನ ಮಾತಿಗೆ ಡಾಕ್ಟರುಗಳು ಸೊಪ್ಪು ಹಾಕುವುದಿಲ್ಲ. ನಮ್ಮಲ್ಲಿ ಒಬ್ಬಳಿದ್ದಳು, ಕೆಮ್ಮಿದರೂ "ಡಾಕ್ಟ್ರೇ ಬೇಗ ಬನ್ನಿ", ಸೀನಿದರೂ "ಡಾಕ್ಟ್ರೇ ಬೇಗ ಬನ್ನಿ". ಒಂದು ದಿನ ನಿಜವಾಗಿಯೇ ಬೇಗ ಬರಬೇಕಿತ್ತು. ಯಾರೂ ಎದ್ದು ಬರಲಿಲ್ಲ. ನಿನ್ನ ಯಂತ್ರ ದಿನಕ್ಕೆ ಎಷ್ಟು ಸಲ ಕೂಗುತ್ತದೆ, ಅದನ್ನು ಎಣಿಸಿ ನೋಡಿದ್ದೀಯಾ?

ರಿಜಿಸ್ಟರು ಎಲ್ಲೋ ಪೆಟ್ಟಿಗೆಯ ತಳದಲ್ಲಿರಬೇಕು. ಹುಳು ತಿಂದಿದ್ದರೂ ತಿಂದಿರಬಹುದು. ಹಳೇ ಕಾಲದ ಕಾಗದ, ಅದನ್ನು ಕಟ್ಟಿಕೊಂಡು ನೀನೇಕೆ ತಲೆ ಕೆಡಿಸಿಕೊಳ್ಳುತ್ತೀಯ? ನಿವೃತ್ತಿಯ ದಿನ ಅವರು ಕೊಟ್ಟ ಬೆಳ್ಳಿಯ ಪುಟ್ಟ ತಕ್ಕಡಿ ಬೇಕಾದರೆ ಕಳಿಸುತ್ತೇನೆ, ಒಂದು ಬಟ್ಟಲಲ್ಲಿ ಗುಂಡಿ, ಇನ್ನೊಂದರಲ್ಲಿ ಮಾತ್ರೆ ಇಟ್ಟಿದ್ದೇನೆ. ನಿಮ್ಮ ದೊಡ್ಡ ಡಾಕ್ಟರಿಗೆ ತೋರಿಸು.

ಆ ಮಗುವಿನ ಮಾತು ಎತ್ತಿದ್ದಕ್ಕೆ ಬೈಯುವುದಿಲ್ಲ. ಆದರೆ ಮತ್ತೆ ಎತ್ತಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಚಿಕ್ಕಮ್ಮ


ಫೆಬ್ರವರಿ 6

ಚಿಕ್ಕಮ್ಮಾ,

ಎಣಿಸಿದೆ. ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಒಂದು ಪಾಳಿಯಲ್ಲಿ ನೂರ ನಲವತ್ತು ಸಲ ಕೂಗುತ್ತಿತ್ತು, ಡಾಕ್ಟರುಗಳು ಓದದೆಯೇ ನೂರ ಮೂವತ್ತನ್ನು ಮುಚ್ಚುತ್ತಿದ್ದರು. 'ಸೀನಿದರೂ ಬೇಗ ಬನ್ನಿ' ಎಂದು ಗೋಡೆಯ ಮೇಲೆ ಬರೆದು ಅಂಟಿಸಿ, ಹತ್ತು ದಿನ ಕೂತು ಕಡಿಮೆ ಮಾಡಿದೆವು. ಈಗ ಹನ್ನೊಂದು. ಜನ ಓದುತ್ತಿದ್ದಾರೆ!

ಮೊನ್ನೆ ಮಧ್ಯಾಹ್ನ ನೋಡಲು ಹೋಗಿದ್ದೆ. ನಿನಗೆ ಹೇಳಲೇಬೇಕು. ನಾಲ್ಕು ವರ್ಷದ ಹುಡುಗಿ, ಮೆಟ್ಟಿಲಿನಿಂದ ಬಿದ್ದು ಹಣೆ ಊದಿದೆ. ಅಪ್ಪ ಮೈಮೇಲೆ ಬಂದವನಂತೆ "ತಲೆ ಸ್ಕ್ಯಾನ್ ಮಾಡಿ, ಈಗ್ಲೇ ಮಾಡಿ" ಎಂದು ಕೂಗುತ್ತಿದ್ದಾನೆ. ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಹಿಂದಾದರೆ ಹೆದರಿ ಸ್ಕ್ಯಾನಿಗೆ ಬರೆದೇ ಬಿಡುತ್ತಿದ್ದ. ಪರದೆ ಆರು ಪ್ರಶ್ನೆ ಕೇಳಿತು. ಎಚ್ಚರ ತಪ್ಪಿತ್ತೇ, ವಾಂತಿಯಾಯಿತೇ, ಎಷ್ಟು ಎತ್ತರದಿಂದ ಬಿತ್ತು, ಹೀಗೆ. ಆಮೇಲೆ 'ಸ್ಕ್ಯಾನಿನಿಂದ ಈ ಮಗುವಿಗೆ ಲಾಭ ಕಡಿಮೆ, ನಾಲ್ಕು ಗಂಟೆ ಕಣ್ಣೆದುರು ಇಟ್ಟುಕೊಳ್ಳಿ' ಎಂದಿತು. ಡಾಕ್ಟರು ಪರದೆಯನ್ನು ಅಪ್ಪನ ಕಡೆಗೇ ತಿರುಗಿಸಿ, "ಕೂತ್ಕೊಳ್ಳಿ ಸಾರ್, ಒಂದೊಂದಾಗಿ ನೀವೇ ಓದಿ" ಎಂದ. ಆತ ಓದಿದ. ಎರಡನೇ ಸಲ ಓದುವ ಹೊತ್ತಿಗೆ ದನಿ ಇಳಿದಿತ್ತು. ಅಷ್ಟರಲ್ಲಿ ಹುಡುಗಿ ನರ್ಸಿನ ಬಿಸ್ಕತ್ತಿನ ಪೊಟ್ಟಣ ಅರ್ಧ ಖಾಲಿ ಮಾಡಿದ್ದಳು. ಸಂಜೆ ನಡೆದುಕೊಂಡೇ ಮನೆಗೆ ಹೋದಳು.

ಇಂಥದ್ದನ್ನು ನೋಡಿದ ದಿನ ನನಗೆ ಕಾಲು ನೆಲಕ್ಕೆ ತಾಗುವುದಿಲ್ಲ.

ರಿಜಿಸ್ಟರಿಗೆ ಹುಳು ಹಿಡಿದಿದ್ದರೆ ಹುಳು ಸಮೇತ ಕಳಿಸು. ಏಪ್ರಿಲ್ ಹದಿನೈದಕ್ಕೆ ಸಭೆ. ಅಲ್ಲಿ ಒಪ್ಪಿದ್ದು ಇಪ್ಪತ್ತಮೂರು ಆಸ್ಪತ್ರೆಗೆ ಹೋಗುತ್ತದೆ, ಮೊದಲನೆಯದು ನಿನ್ನ ಹಳೆಯ ಆಸ್ಪತ್ರೆಯೇ.

ಗುಬ್ಬಿ


ಫೆಬ್ರವರಿ 27

ಗುಬ್ಬಿ,

ಪಾರ್ಸೆಲ್ ಕಳಿಸಿದ್ದೇನೆ. ಅಂಚೆಯವನು ತೂಗಿ ಎರಡು ಕಿಲೋ ನೂರು ಎಂದ. ನಾನು ಎರಡು ಎಂದುಕೊಂಡಿದ್ದೆ.

ಹುಳು ಹಿಡಿದಿಲ್ಲ. ಕೊನೆಯ ಕೆಲವು ಪುಟ ನೋಡಬೇಡ, ಅವು ಅಷ್ಟು ಚೆನ್ನಾಗಿಲ್ಲ, ಅವಸರದಲ್ಲಿ ಬರೆದದ್ದು. ಹಿಂದಿನದೇ ನಿನಗೆ ಬೇಕಾದಷ್ಟಾಯಿತು.

ಬಿಸ್ಕತ್ತಿನ ಹುಡುಗಿಯ ಕಥೆ ಓದಿ ನಕ್ಕೆ. ಅಪ್ಪನ ಕಡೆಗೆ ಪರದೆ ತಿರುಗಿಸಿದ ಆ ಡಾಕ್ಟರು ಚೆನ್ನಾಗಿ ಬಾಳುತ್ತಾನೆ.

ಚಿಕ್ಕಮ್ಮ


ಮಾರ್ಚ್ 19

ನನ್ನ ತಕ್ಕಡಿ ಚಿಕ್ಕಮ್ಮನಿಗೆ,

ಒಂಬತ್ತು ಸಾವಿರದ ಇನ್ನೂರ ನಾಲ್ಕು ಮಕ್ಕಳು! ಎರಡು ವಾರ, ದಿನಾ ಸಂಜೆ, ನಾನೂ ಆಫೀಸಿನ ಗೆಳತಿಯೂ ಸೇರಿ ಒಂದೊಂದು ಸಾಲನ್ನೂ ಕಂಪ್ಯೂಟರಿಗೆ ಹಾಕಿದೆವು. ಇಪ್ಪತ್ತೇಳು ವರ್ಷ ಒಂದೇ ಅಕ್ಷರ, ಒಂದೇ ನೀಲಿ ಶಾಯಿ. ಗೆಳತಿ ನಡುವೆ ನಡುವೆ "ಇವ್ರು ಮನುಷ್ಯರೇನೇ?" ಎಂದು ಕೇಳುತ್ತಿದ್ದಳು.

ಮೊದಲನೇ ಸಾಲು ನೋಡಿ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿದೆ. 'ಅಕ್ಕನ ಮಗು. ಕೈ: 1.7. ತಕ್ಕಡಿ: 1.8.' ನಾನು ಹುಟ್ಟಿದ ದಿನ. ಅಮ್ಮ ಹೋದದ್ದು ಅದರ ಮರುದಿನ. ಆ ದಿನ ನೀನು ಏನೂ ಬರೆದಿಲ್ಲ, ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡಿದ್ದೀಯ. ಇದನ್ನು ನೀನು ಒಂದು ದಿನವೂ ನನಗೆ ಹೇಳಿರಲಿಲ್ಲ.

ಈಗ ಫಲ ಕೇಳು. ನೂರಕ್ಕೆ ತೊಂಬತ್ತನಾಲ್ಕು ಸಲ ನಿನ್ನ ಕೈ ಮತ್ತು ತಕ್ಕಡಿಯ ನಡುವೆ ಅರ್ಧ ಕಿಲೋಗಿಂತ ಕಡಿಮೆ ವ್ಯತ್ಯಾಸ. ತಾಯಂದಿರು ಹೇಳುವ ತೂಕಕ್ಕಿಂತ ನಿನ್ನ ಕೈ ವಾಸಿ. ಕೊನೆಯ ಪುಟ ಚೆನ್ನಾಗಿಲ್ಲ ಎಂದೆಯಲ್ಲ, ನಿನ್ನ ಸಂಕೋಚಕ್ಕೆ ಏನು ಹೇಳಲಿ! ಕೊನೆಯ ಎರಡು ತಿಂಗಳಲ್ಲಿ ಅರವತ್ತೊಂದು ಮಕ್ಕಳು, ಒಂದರಲ್ಲೂ ನೂರು ಗ್ರಾಮಿನ ತಪ್ಪೂ ಇಲ್ಲ. ಕೈ ಪಳಗುವುದು ಎಂದರೆ ಇದು. ದೊಡ್ಡ ಡಾಕ್ಟರಿಗೆ ಆ ಪುಟಗಳನ್ನೇ ಮೊದಲು ತೋರಿಸಿದೆ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಏನಮ್ಮಾ ಇದು, ನಾನು ಸೋತೆ" ಎಂದರು. ನಾಲ್ಕನೇ ಆಯ್ಕೆ ಬಂದ ಹಾಗೆಯೇ.

ಹಳದಿ ಫ್ರಾಕಿನ ಮಗು ಪುಸ್ತಕದಲ್ಲಿಲ್ಲ. ಬರೆಯಲು ಮನಸ್ಸು ಬಂದಿರಲಿಕ್ಕಿಲ್ಲ. ಲೆಕ್ಕ ಸರಿಯಿರಲಿ ಎಂದು ಕಂಪ್ಯೂಟರಿನಲ್ಲಿ ನಾನೇ ಸೇರಿಸಿದೆ. ಕೈ: 16. ತಕ್ಕಡಿ: 11. ಅಷ್ಟು ಮಕ್ಕಳಲ್ಲಿ ಆ ಒಂದು ಕಾಣುವುದೂ ಇಲ್ಲ.

ನಿನ್ನ ಹೆಮ್ಮೆಯ
ಗುಬ್ಬಿ


ಮಾರ್ಚ್ 24

ಗುಬ್ಬಿ,

ಇದನ್ನು ಕೂತು ಓದು. ಸಭೆಗೆ ಮೊದಲು ನಿನ್ನ ಕೈ ಸೇರಬೇಕು ಎಂದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಆ ಅರವತ್ತೊಂದು ಸುಳ್ಳು.

ಮೂರು ದಿನದಿಂದ ಈ ವಾಕ್ಯಕ್ಕೆ ಮುಂಚೆ ಏನಾದರೂ ಬರೆಯಬೇಕು ಎಂದು ನೋಡಿದೆ. ಏನೂ ಹೊಳೆಯಲಿಲ್ಲ.

ಆ ವರ್ಷ ನನ್ನ ಬಲ ಭುಜ ಹಿಡಿದುಕೊಂಡಿತ್ತು. ತಲೆ ಬಾಚಲೂ ಕೈ ಮೇಲೇಳುತ್ತಿರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಏನೆಂದು ಹೇಳಲಿ? ಹೊಸ ಡಾಕ್ಟರುಗಳು ಬಂದ ದಿನವೇ ಹಿರಿಯರು ಅವರನ್ನು ನನ್ನ ಮುಂದೆ ನಿಲ್ಲಿಸಿ, ಒಂದು ಮಗು ಕೊಟ್ಟು, "ನೋಡ್ರಪ್ಪಾ, ಇವರ ಕೈ ನೋಡಿ" ಎನ್ನುತ್ತಿದ್ದರು. ನನಗೂ ಅದರ ಜಂಭ ಇತ್ತು. ಭುಜ ಹೋಯಿತು ಎಂದರೆ ತಕ್ಕಡಿ ಸಿಸ್ಟರ್ ಹೋದ ಹಾಗೆ ಎಂದುಕೊಂಡೆ. ಹಾಗಾಗಿ ಕಣ್ಣಿನಲ್ಲೇ ನೋಡಿ ಹೇಳತೊಡಗಿದೆ. ಮಂಚದ ಪಕ್ಕ ಬಗ್ಗಿ, ಮಗುವಿನ ಬೆನ್ನ ಕೆಳಗೆ ಕೈ ತೂರಿಸಿದ ಹಾಗೆ ಮಾಡಿ, ಒಂದು ಅಂಕಿ ಹೇಳುವುದು. ಆಮೇಲೆ ತಕ್ಕಡಿ ಏನು ಹೇಳಿತೋ ಅದನ್ನೇ 'ಕೈ' ಎಂಬ ಕಡೆಯೂ ಬರೆಯುವುದು. ಯಾರಿಗೆ ಮೋಸ ಮಾಡುತ್ತಿದ್ದೆನೋ ಗೊತ್ತಿಲ್ಲ. ಆ ಪುಸ್ತಕವನ್ನು ನಾನಲ್ಲದೆ ಯಾರೂ ತೆರೆಯುತ್ತಿರಲಿಲ್ಲ.

ಹಳದಿ ಫ್ರಾಕಿನ ಮಗುವನ್ನು ನಾನು ಎತ್ತಲಿಲ್ಲ ಗುಬ್ಬಿ. ಕತ್ತಿನ ತನಕ ಕಂಬಳಿ ಇತ್ತು. ಮುಖ ಮಾತ್ರ ಕಂಡಿತು, ದುಂಡಗೆ, ತುಂಬಿಕೊಂಡು. ಮೂತ್ರಪಿಂಡದ ಕಾಯಿಲೆಗೆ ಕೊಟ್ಟ ಔಷಧಕ್ಕೆ ಮುಖ ಊದಿದೆ ಎಂದು ಆಮೇಲೆ ಗೊತ್ತಾಯಿತು. ಕಂಬಳಿಯ ಕೆಳಗೆ ಕಡ್ಡಿಯಂಥ ಕಾಲುಗಳು. ಒಂದು ಸಲ ಎತ್ತಿದ್ದರೆ, ಎಡಗೈಯಲ್ಲಾದರೂ ಎತ್ತಿದ್ದರೆ, ನನಗೆ ಗೊತ್ತಾಗುತ್ತಿತ್ತು.

ವಿಚಾರಣೆಯಲ್ಲಿ ನೀನು ಎದ್ದು ನಿಂತು 'ನನ್ನದೇ ಅಂದಾಜು' ಎಂದೆ. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಬಾಯಿ ಬಿಡಲಿಲ್ಲ. ನೀನು ಆಸ್ಪತ್ರೆ ಬಿಟ್ಟೆ, ಮಕ್ಕಳ ಹತ್ತಿರ ಹೋಗುವುದನ್ನೇ ಬಿಟ್ಟೆ, ಆಗಲೂ ಬಿಡಲಿಲ್ಲ. ನನ್ನ ಕೈಯಲ್ಲಿ ಬೆಳೆದ ಮಗು ನನ್ನ ತಪ್ಪು ಹೊತ್ತುಕೊಂಡು ಊರು ಬಿಟ್ಟು ಹೋಯಿತು, ನಾನು ಬೆಳ್ಳಿಯ ತಕ್ಕಡಿ ಇಸಿದುಕೊಂಡು ಮನೆಗೆ ಬಂದೆ.

ನಿನ್ನ ಮೊದಲ ಕಾಗದಕ್ಕೇ ಹೇಳಬೇಕಿತ್ತು. ಪುಸ್ತಕ ಕಳಿಸುವಾಗಲೂ ಕೊನೆಯ ಪುಟ ನೀನು ನೋಡದಿದ್ದರೆ ಸಾಕು ಎಂದುಕೊಂಡೆ. ಆದರೆ ಇಪ್ಪತ್ತಮೂರು ಆಸ್ಪತ್ರೆಯಲ್ಲಿ ನನ್ನ ಸುಳ್ಳನ್ನು ಯಂತ್ರಕ್ಕೆ ಕಲಿಸುತ್ತಾರೆ, ಯಾವಳೋ ಒಬ್ಬಳು ಭುಜ ನೋವಿನವಳು ನಿಂತಲ್ಲೇ ಹದಿನಾರು ಎನ್ನುತ್ತಾಳೆ, ಅದು ತಲೆದೂಗಿ ಔಷಧ ಅಳೆದು ಕೊಡುತ್ತದೆ. ಅದನ್ನು ನಾನು ಹೊಟ್ಟೆಗೆ ಹಾಕಿಕೊಂಡು ಸಾಯಲಾರೆ.

ಸಭೆಯಲ್ಲಿ ನನ್ನ ಹೆಸರು ಹೇಳಿಯೇ ಹೇಳು. ನನಗೆ ಉತ್ತರ ಬರೆಯಲು ಮನಸ್ಸಾಗದಿದ್ದರೆ ಬರೆಯಬೇಡ.

ಚಿಕ್ಕಮ್ಮ


ಏಪ್ರಿಲ್ 28

ಗುಬ್ಬಿ,

ಸಭೆ ಮುಗಿದಿರಬೇಕು. ಏನಾಯಿತು ಎಂದು ಎರಡು ಸಾಲು ಬರೆ, ಸಾಕು. ನನ್ನ ಬಗ್ಗೆ ಬೇಡ, ಯಂತ್ರದ ಬಗ್ಗೆ.

ಅಂಚೆಯವನನ್ನು ದಿನಾ ಕೇಳುತ್ತೇನೆ. ಅವನ ಉತ್ತರ ಕೇಳಿಸಲಿ ಎಂದು ಕಿವಿಯ ಯಂತ್ರ ಹಾಕಿಕೊಳ್ಳುತ್ತಿದ್ದೇನೆ.

ಚಿಕ್ಕಮ್ಮ


ಮೇ 11

ಚಿಕ್ಕಮ್ಮಾ,

ತಡವಾಯಿತು. ಬರೆದು ಬರೆದು ಹರಿದುಹಾಕಿದೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಒಂದು ವಾರ ನಿನ್ನ ಕಾಗದವನ್ನು ಮುಟ್ಟಲಿಲ್ಲ. ಆಮೇಲೆ ಸಿಟ್ಟು ನನ್ನ ಕಡೆಗೇ ತಿರುಗಿತು. ಯಾಕೆ ಎಂದು ಹೇಳುತ್ತೇನೆ.

ನಾನು ನೋಡಿದ್ದೆ.

ನಾನು ಮಂಚದ ಇನ್ನೊಂದು ಬದಿಯಲ್ಲಿ ಸೂಜಿ ಹಿಡಿದು ನಿಂತಿದ್ದೆ. ನಿನ್ನ ಕೈ ಕಂಬಳಿಯ ಒಳಗೆ ಹೋಯಿತು, ಮಗು ಅಲುಗಲಿಲ್ಲ. ಕಂಬಳಿಯೂ ಅಲುಗಲಿಲ್ಲ. 'ಚಿಕ್ಕಮ್ಮ ಎತ್ತಲಿಲ್ಲವಲ್ಲ' ಎಂದು ಮನಸ್ಸಿಗೆ ಬಂತು. "ಎತ್ತಿದ್ಯಾ?" ಎಂದು ಕೇಳಲು ಎಷ್ಟು ಹೊತ್ತು ಬೇಕಿತ್ತು? ಸುತ್ತ ನಾಲ್ಕು ಜನ ಇದ್ದರು. ನೀನು ತಕ್ಕಡಿ ಸಿಸ್ಟರ್. ನಾನು ನಿನ್ನ ಕೈಯಲ್ಲಿ ಬೆಳೆದವಳು. ನಿನ್ನನ್ನು ಹೇಗೆ ಕೇಳಲಿ? ಆ ದಾಕ್ಷಿಣ್ಯಕ್ಕೆ ಬಿದ್ದು ಹದಿನಾರಕ್ಕೆ ಔಷಧ ಎಳೆದುಕೊಂಡೆ. ವಿಚಾರಣೆಯಲ್ಲಿ ತಪ್ಪು ನನ್ನದು ಎಂದದ್ದು ನಿನ್ನನ್ನು ಉಳಿಸಲು ಮಾತ್ರ ಅಲ್ಲ. ಅರ್ಧ ನನ್ನದೇ ಆಗಿತ್ತು.

ಆಮೇಲೆ ವರ್ಷಗಟ್ಟಲೆ ನಾನು ಕಂಡದ್ದು ಸುಳ್ಳು, ಅವಳು ಎತ್ತಿಯೇ ಇದ್ದಳು, ಕೈ ತಪ್ಪಿತು ಅಷ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಪುಸ್ತಕ ಕೇಳಿದ್ದೂ ಅದಕ್ಕೇ ಇರಬೇಕು. ಅದು ನನ್ನ ಕಣ್ಣನ್ನು ಸುಳ್ಳು ಮಾಡಲಿ ಎಂದು. ಅರವತ್ತೊಂದು ಸಾಲು ತಪ್ಪಿಲ್ಲದೆ ಕಂಡಾಗ ಕುಣಿದಾಡಿಬಿಟ್ಟೆ. ನನ್ನಂಥ ಲೆಕ್ಕದವಳಿಗೆ ಅದೇ ಅನುಮಾನ ಹುಟ್ಟಿಸಬೇಕಿತ್ತು. ಬೇರೆ ಯಾರದ್ದಾದರೂ ಆಗಿದ್ದರೆ ಹುಟ್ಟಿಸುತ್ತಿತ್ತು.

ಸಭೆಯಲ್ಲಿ ನಿನ್ನ ಕಾಗದ ಓದಿದೆ. ನಿನ್ನ ಹೆಸರೂ ಹೇಳಿದೆ, ನನ್ನದೂ ಹೇಳಿದೆ. ದೊಡ್ಡ ಡಾಕ್ಟರು ನಿನ್ನ ಕಾಗದವನ್ನು ಕೇಳಿ ಪಡೆದು ತಾವೇ ಇನ್ನೊಮ್ಮೆ ಓದಿದರು. ಆಮೇಲೆ "ನಮ್ಮಲ್ಲಿ ಯಾರೂ ಹಿರಿಯರನ್ನ ಹೀಗೆ ಕೇಳಲ್ಲ. ನಾನೂ ಕೇಳಿಲ್ಲ, ನನ್ನನ್ನೂ ಯಾರೂ ಕೇಳಿಲ್ಲ. ಇದು ಕೇಳಲಿ" ಎಂದರು.

ಹಾಗಾಗಿ ಈಗ ಹೀಗೆ ಮಾಡಿದ್ದೇವೆ. ಕೈ ಅಂದಾಜು ಎಂದು ಒತ್ತಿದರೆ ಯಂತ್ರ 'ಮಗುವನ್ನು ಎತ್ತಿದ್ದೀರಾ?' ಎಂದು ಕೇಳುತ್ತದೆ. ಇಲ್ಲ ಎಂದರೆ ಆ ತೂಕ ಬಿಟ್ಟು, ಮಂಚದ ತಕ್ಕಡಿಯನ್ನೋ ಅಳತೆಪಟ್ಟಿಯನ್ನೋ ಕೇಳುತ್ತದೆ. ಹೌದು ಎಂದರೂ ಮೊದಲ ಔಷಧವನ್ನು ಕಡಿಮೆ ಅಳತೆಯಲ್ಲೇ ಕೊಟ್ಟು, ಎರಡನೆಯದಕ್ಕೆ ಮೊದಲು ತಕ್ಕಡಿ ಎನ್ನುತ್ತದೆ. ಯಾರನ್ನಾದರೂ ಕೇಳುತ್ತದೆ. ದೊಡ್ಡ ಡಾಕ್ಟರೇ ಬಂದರೂ ಕೇಳುತ್ತದೆ. ಅದಕ್ಕೆ ದಾಕ್ಷಿಣ್ಯ ಕಲಿಸುವ ಕೆಲಸ ನಾವು ಮಾಡಿಲ್ಲ.

ಪುಸ್ತಕ ವಾಪಸ್ ಕಳಿಸಿದ್ದೇನೆ. ಕಂಪ್ಯೂಟರಿನಲ್ಲಿ ಅರವತ್ತೊಂದನ್ನು ತೆಗೆದೆ. ಉಳಿದ ಒಂಬತ್ತು ಸಾವಿರದ ನೂರ ನಲವತ್ತಮೂರು ನಿಜ, ಅವನ್ನು ನಿನ್ನಿಂದ ಯಾರೂ ಕಸಿದುಕೊಳ್ಳುವುದಿಲ್ಲ. ಪುಸ್ತಕದಲ್ಲಿ ಹೊಡೆದುಹಾಕುವುದು ನಿನ್ನ ಕೈಯಲ್ಲೇ ಆಗಲಿ.

ಗುಬ್ಬಿ


ಜುಲೈ 16

ಗುಬ್ಬಿ,

ನಿನ್ನ ಕಾಗದ ಓದಿ ಅತ್ತೆ. ಪಕ್ಕದ ಮನೆಯಾಕೆ ಓಡಿ ಬಂದು "ಯಾರಿಗೇನಾಯ್ತು?" ಎಂದಳು. "ಯಾರಿಗೂ ಏನೂ ಆಗಿಲ್ಲ, ಒಳ್ಳೇ ಸುದ್ದಿ" ಎಂದೆ. ನಂಬಲಿಲ್ಲ, ಕಾಫಿ ಮಾಡಿಕೊಟ್ಟು ಹೋದಳು. ಆಕೆ ಒಳ್ಳೆಯವಳೇ ಕಣೇ.

ನಿನ್ನೆ ಹಳೆಯ ಆಸ್ಪತ್ರೆಯಲ್ಲಿ ನಿನ್ನ ಯಂತ್ರ ಶುರುವಾದ ದಿನ. ನನ್ನನ್ನೂ ಕರೆದಿದ್ದರು. ಕಿವಿಗೆ ಯಂತ್ರ ಹಾಕಿಕೊಂಡೇ ಹೋದೆ. ಈಗಿನ ಹಿರಿಯ ಸಿಸ್ಟರ್ ನನ್ನ ಕೈಕೆಳಗೆ ಕಲಿತವಳು, ನನ್ನನ್ನು ಕ್ಯಾಶುಯಲ್ಟಿಯ ಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದಳು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎರಡು ವರ್ಷದ ಮಗುವನ್ನು ಎತ್ತಿಕೊಂಡು ತಾಯಿ ಓಡಿ ಬಂದಳು, ಫಿಟ್ಸ್. ನಾನು ಕುರ್ಚಿಯಿಂದ ಅರ್ಧ ಎದ್ದೆ. ಹಿರಿಯ ಸಿಸ್ಟರ್ ದೂರದಿಂದಲೇ ನೋಡಿ "ಹದಿಮೂರು" ಎಂದಳು. ನನ್ನದೇ ದನಿ, ನನ್ನದೇ ಠೀವಿ. ಪರದೆಯ ಮುಂದೆ ಇದ್ದ ಡಾಕ್ಟರು ಚಿಕ್ಕ ಹುಡುಗಿ, ಹದಿಮೂರು ಒತ್ತಿದಳು, ಕೈ ಅಂದಾಜು ಎಂದೂ ಒತ್ತಿದಳು. ಒತ್ತಿ ಹಾಗೆಯೇ ನಿಂತಳು. ಮುಖ ಕೆಂಪಾಯಿತು.

"ಸಿಸ್ಟರ್... ನಾನಲ್ಲ, ಇದು ಕೇಳ್ತಿದೆ. ಎತ್ತಿದ್ರಾ ಅಂತ."

ಹಿರಿಯ ಸಿಸ್ಟರ್ ಹುಬ್ಬು ಗಂಟಿಕ್ಕಿ ಪರದೆ ನೋಡಿದಳು, ಆಮೇಲೆ ತಿರುಗಿ ನನ್ನನ್ನು ನೋಡಿದಳು.

"ನನ್ನ ಮುಖ ಏನ್ ನೋಡ್ತೀಯೇ? ಇಲ್ಲ ಅಂತ ಹೇಳು ಅದಕ್ಕೆ" ಎಂದೆ.

"ಇಲ್ಲಮ್ಮ, ಎತ್ತಿಲ್ಲ" ಎಂದಳು. ಮಗುವನ್ನು ತಕ್ಕಡಿ ಇರುವ ಮಂಚದ ಮೇಲೆ ಮಲಗಿಸಿದರು. ಹತ್ತು ಕಿಲೋ ನಾನೂರು. ಡಾಕ್ಟರು ಓದಿದ ಅಳತೆಯನ್ನೇ ಸಿಸ್ಟರ್ ಗಟ್ಟಿಯಾಗಿ ತಿರುಗಿ ಹೇಳಿ ಔಷಧ ಎಳೆದಳು. ಇಷ್ಟಕ್ಕೂ ಅರ್ಧ ನಿಮಿಷ ಆಗಲಿಲ್ಲ. ಫಿಟ್ಸ್ ನಿಂತಿತು. ಎದೆ ಏರಿಳಿಯುತ್ತಲೇ ಇತ್ತು, ಅದನ್ನೇ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಮಗು ಸೂರು ಹಾರಿಹೋಗುವಂತೆ ಅತ್ತಿತು. ಕಿವಿಗೆ ಯಂತ್ರ ಹಾಕಿಕೊಂಡಿದ್ದು ಸಾರ್ಥಕವಾಯಿತು.

ಎಂಥಾ ಕೆಲಸ ಮಾಡಿದ್ದೀಯೇ ಗುಬ್ಬಿ! ನಿನ್ನ ಯಂತ್ರಕ್ಕೆ ಎಷ್ಟು ಗೊತ್ತಿದೆಯೋ ನನಗೆ ಗೊತ್ತಿಲ್ಲ. ಆದರೆ ಆ ಹುಡುಗಿ 'ನಾನಲ್ಲ, ಇದು' ಎಂದಳಲ್ಲ, ಆ ದಿನ ನಿನಗೆ ಹೇಳಿಕೊಳ್ಳಲು ಅಂಥದ್ದೊಂದು ಪಕ್ಕದಲ್ಲಿ ಇರಲಿಲ್ಲ. ಅದನ್ನೇ ನೆನೆದು ಮನೆಗೆ ಬರುವ ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡೆ.

ಸಂಜೆ ಪುಸ್ತಕ ತೆಗೆದು ಅರವತ್ತೊಂದು ಸಾಲಿಗೂ ಗೆರೆ ಎಳೆದೆ. ಒಂದೊಂದಕ್ಕೂ ಬೇರೆ ಬೇರೆ ಗೆರೆ. ಕೆಳಗೆ ಹಳದಿ ಫ್ರಾಕಿನ ಮಗುವನ್ನು ಬರೆದೆ. 'ಕೈ: ಎತ್ತಲಿಲ್ಲ. ತಕ್ಕಡಿ: 11.' ಪುಸ್ತಕ ನಿನಗೆ ಕಳಿಸಿದ್ದೇನೆ, ಇನ್ನೂ ನಾಲ್ಕು ಖಾಲಿ ಪುಟ ಇವೆ. ನನ್ನ ಹತ್ತಿರ ಇದ್ದು ಏನು ಮಾಡಬೇಕು? ನೀನು ಏನಾದರೂ ಬರೆದುಕೋ.

ಚಿಕ್ಕಮ್ಮ


ಆಗಸ್ಟ್ 30

ಚಿಕ್ಕಮ್ಮಾ,

ಈ ತಿಂಗಳಿನಿಂದ ವಾರಕ್ಕೆ ಎರಡು ದಿನ ಇಲ್ಲಿಯ ಮಕ್ಕಳ ಕ್ಯಾಶುಯಲ್ಟಿಯಲ್ಲಿ ಡ್ಯೂಟಿ ಮಾಡುತ್ತಿದ್ದೇನೆ. ಪರದೆ ಕಲಿಸುವ ಡಾಕ್ಟರಾಗಿ ಅಲ್ಲ, ಬರೀ ಡಾಕ್ಟರಾಗಿ. ಮೊದಲ ದಿನ ಪ್ರತಿ ಔಷಧದ ಅಳತೆಯನ್ನೂ ಮೂರು ಮೂರು ಸಲ ಓದಿದೆ. ನರ್ಸು ಪಕ್ಕದಲ್ಲೇ ನಿಂತಿದ್ದಳು, ಗಮನಿಸಿಯೂ ಗಮನಿಸದ ಹಾಗೆ ಇದ್ದಳು.

ನಿನ್ನೆ ಒಂದೂವರೆ ವರ್ಷದ ಹುಡುಗಿ, ಮೂರು ದಿನದ ಜ್ವರ. ಎಲ್ಲಾ ನೋಡಿ ಮುಗಿದ ಮೇಲೆ ತಾಯಿಯನ್ನು ಕೇಳಿ ಮಗುವನ್ನು ಎತ್ತಿಕೊಂಡೆ. ಹದಿನೇಳು ವರ್ಷದ ನಂತರ. ನನ್ನ ಕುತ್ತಿಗೆಗೆ ಮುಖ ಒತ್ತಿಕೊಂಡು ಗೊಣಗಿತು. ಒಂಬತ್ತೂವರೆ ಎಂದುಕೊಂಡೆ. ಆಮೇಲೆ ತಕ್ಕಡಿಗೆ ಹಾಕಿದೆ.

ಪುಸ್ತಕದಲ್ಲಿ ನೀನು ಬರೆದ ಸಾಲಿನ ಕೆಳಗೆ ಬರೆದಿದ್ದೇನೆ, ನೀಲಿ ಶಾಯಿಯಲ್ಲೇ. 'ಜ್ವರದ ಮಗು. ಕೈ: 9.5. ತಕ್ಕಡಿ: 10.8.' ಒಂದು ಕಿಲೋಗಿಂತ ಹೆಚ್ಚು ತಪ್ಪು. ಇದ್ದದ್ದನ್ನು ಇದ್ದ ಹಾಗೆಯೇ ಬರೆದಿದ್ದೇನೆ.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತಿದ್ದೇನೆ. ಕಿವಿಗೆ ಯಂತ್ರ ಹಾಕಿಕೊಂಡಿರು, ಬಾಗಿಲು ಬಡಿಯುತ್ತೇನೆ.

ಗುಬ್ಬಿ
(ಕೈ: 1.7. ತಕ್ಕಡಿ: 1.8.)